ಎಪ್ಪತ್ತೈದು ಸಾವಿರದ ಲಾರಿ

ನಮ್ಮ ಹೊಸಪೇಟೆ-ಸಂಡೂರು ಸೀಮೆಯ ಗಂಡಸರಲ್ಲಿ ಎರಡೇ ಜಾತಿ. ಅದಿರಿನ ಕಾಲದಲ್ಲಿ ಲಾರಿ ಕೊಂಡವರು ಮತ್ತು ಕೊಳ್ಳದೆ ಉಳಿದವರು. 2003-04ರ ಸುಮಾರಿಗೆ ಚೀನಾದವರು ಕಬ್ಬಿಣದ ಅದಿರಿಗೆ ಮುಗಿಬಿದ್ದು ದರ ಏರಿದಾಗ ಹೊಲ ಮಾರಿದವರು, ಚೀಟಿ ಎತ್ತಿದವರು, ಹೆಂಡತಿಯ ಬಳೆ ಅಡವಿಟ್ಟವರು ಎಲ್ಲರೂ ಲಾರಿ ಮಾಲೀಕರಾದರು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಸಾಲದ ಕಂತು ಮಾತ್ರ ಓಡುತ್ತಲೇ ಇತ್ತು. ಕೊಂಡವರು ಕೈ ಸುಟ್ಟುಕೊಂಡರು, ಕೊಳ್ಳದವರು ಜಾಣರೆನಿಸಿಕೊಂಡರು. ನಾನು ಜಾಣರ ಪೈಕಿ. ಈ ಜಾಣತನ ನನ್ನ ತಲೆಯಿಂದ ಬಂದದ್ದಲ್ಲ, ಆಗ ಯಾವ ಬ್ಯಾಂಕೂ ನನಗೆ ಸಾಲ ಕೊಡಲಿಲ್ಲ, ಅಷ್ಟೇ.

ನನ್ನ ಕೆಲಸ ಸಂಡೂರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಟ್ರಿಪ್ ಶೀಟ್ ಬರೆಯುವುದು. ಯಾವ ಗಾಡಿ ಎಷ್ಟು ಟನ್ ತುಂಬಿತು, ಎಷ್ಟು ಡೀಸೆಲ್ ಕುಡಿಯಿತು, ಎಲ್ಲಿ ಎಷ್ಟು ದಂಡ ತೆತ್ತಿತು, ಎಲ್ಲ ನನ್ನ ಬೆರಳ ತುದಿಯಲ್ಲಿ. ಲಾರಿಯ ವಿಷಯದಲ್ಲಿ ನನಗೆ ಬಾರದ್ದು ಒಂದೇ, ಓಡಿಸುವುದು. ಸ್ಕೂಟಿಯನ್ನೂ ನಮ್ಮಾಕೆಯೇ ಓಡಿಸುತ್ತಾಳೆ, ನಾನು ಹಿಂದೆ ಚೀಲ ಹಿಡಿದು ಕೂರುತ್ತೇನೆ.

ಹೀಗಿದ್ದವನಿಗೆ ಬಳ್ಳಾರಿಯಲ್ಲಿ ಬಿ.ಇ. ಓದುವ ಅಕ್ಕನ ಮಗ ಒಂದು ಭಾನುವಾರ ತನ್ನ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಯೂರೋ ಟ್ರಕ್ ಸಿಮ್ಯುಲೇಟರ್ 2. ಚೆಕ್ ದೇಶದ ಕಂಪನಿಯೊಂದು 2012ರಲ್ಲಿ ಬಿಟ್ಟ ಆಟ. ಇದರಲ್ಲಿ ಗುಂಡು ಹೊಡೆಯುವುದಿಲ್ಲ, ಯಾರೂ ಸಾಯುವುದಿಲ್ಲ. ಲೋಡ್ ಹಿಡಿದು ಯೂರೋಪಿನ ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟಿಸಬೇಕು. ಕೆಂಪು ದೀಪ ದಾಟಿದರೆ ದಂಡ, ಮಾಲು ಜಖಂ ಆದರೆ ಬಾಡಿಗೆಯಲ್ಲಿ ಕಡಿತ, ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಮಲಗಬೇಕು. ದುಡ್ಡು ಕೂಡಿದರೆ ಸ್ವಂತ ಲಾರಿ. ಕೂಡದಿದ್ದರೆ ಆಟದೊಳಗಿನ ಬ್ಯಾಂಕೇ ಸಾಲ ಕೊಡುತ್ತದೆ! ನನಗೆ ಸಾಲ ಕೊಡುವ ಬ್ಯಾಂಕೊಂದು ಈ ಭೂಮಿಯ ಮೇಲಿದೆ ಎಂದು ಗೊತ್ತಾದದ್ದೇ ಆವತ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಆದರೆ ಐವತ್ತರ ಹತ್ತಿರ ಬಂದವನು, ದಿನವಿಡೀ ಲಾರಿಗಳ ನಡುವೆ ಕೂತೆದ್ದು ಬರುವವನು, ‘ಲಾರಿ ಆಟ ಆಡೋಕೆ ಲ್ಯಾಪ್‌ಟಾಪ್ ಬೇಕು’ ಎಂದು ಯಾವ ಬಾಯಿಂದ ಹೇಳುವುದು? ಮನೆಯಲ್ಲಿ ‘ಜಿಎಸ್‌ಟಿ ಕೆಲಸಕ್ಕೆ’ ಎಂದೆ. ಚೀಟಿ ಎತ್ತಿದ 75,000 ರೂಪಾಯಿ ವಾಷಿಂಗ್ ಮಷಿನ್ನಿಗೆಂದು ಕಾದಿತ್ತು.

“ಅಲ್ರಿ, ಇಷ್ಟು ವರ್ಷ ಆಫೀಸಿನ ಹಳೇ ಡಬ್ಬದಾಗೇ ಜಿಎಸ್‌ಟಿ ಮಾಡಿದ್ರಲ್ಲ, ಈಗ ಅದಕ್ಕೆ ಗೇಮಿಂಗು ಯಾಕೆ?” ಎಂದಳು.

“ಗೇಮಿಂಗ್ ಅಂದ್ರೆ ಗಟ್ಟಿಮುಟ್ಟು ಅಂತ ಅರ್ಥ ಕಣೆ. ಬಾಳಿಕೆ ಬರ್ತೈತೆ.”

“ಹಂಗಾದ್ರೆ ಗೇಮಿಂಗ್ ವಾಷಿಂಗ್ ಮಷಿನ್ ಸಿಗುತ್ತಾ ನೋಡ್ರಿ.”

ಅಳಿಯನನ್ನು ಸಲಹೆಗಾರನನ್ನಾಗಿ ನೇಮಿಸಿಕೊಂಡೆ. ಲಾರಿ ಆಟ ಅಷ್ಟೇನೂ ದೊಡ್ಡ ಯಂತ್ರ ಬೇಡುವುದಿಲ್ಲ. ಆದರೆ ನನ್ನ ಗುಟ್ಟು ಅವನಿಗೂ ಗೊತ್ತಿಲ್ಲವಲ್ಲ, ಮಾಮಾ ಈ ವಯಸ್ಸಿನಲ್ಲಿ ಏನೋ ಭಾರಿ ಸಾಹಸಕ್ಕೆ ಇಳಿದಿದ್ದಾನೆ ಎಂದು ಹುರುಪಿನಿಂದ ಪಾಠ ಶುರುಮಾಡಿದ.

“ಮಾಮಾ, ಮೊದ್ಲು ಗ್ರಾಫಿಕ್ಸ್ ಕಾರ್ಡ್ ನೋಡ್ಬೇಕು. 3050ದಾಗ 4 ಜಿಬಿದೂ ಐತೆ, 6 ಜಿಬಿದೂ ಐತೆ. 4050ಗೆ 6. 4060ಗೆ 8. ಹೊಸಾದು 5050 ಬಂದೈತೆ, ಅದಕ್ಕೂ 8.”

“ಅಂದ್ರೆ 4060ಕ್ಕಿಂತ 5050 ದೊಡ್ಡದು. 990 ಜಾಸ್ತಿ.”

“ಹಂಗಲ್ಲ ಮಾಮಾ. ಮುಂದಿನ ಎರಡು ಅಂಕಿ ಯಾವ ಪೀಳಿಗೆ ಅಂತ, ಹಿಂದಿನ ಎರಡು ಎಷ್ಟು ದರ್ಜೆ ಅಂತ.”

ಇಪ್ಪತ್ತೈದು ವರ್ಷ ಲೆಕ್ಕ ಬರೆದವನಿಗೆ, ಕಳೆಯಲೂ ಕೂಡಲೂ ಬಾರದ ಅಂಕಿ ಇರುತ್ತದೆ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಒಂದೇ 4050 ಕಾರ್ಡಿಗೆ ಲ್ಯಾಪ್‌ಟಾಪ್ ಕಂಪನಿಯವರು 35 ವಾಟ್‌ನಿಂದ 115 ವಾಟ್‌ವರೆಗೆ ತಮಗೆ ಬೇಕಾದಷ್ಟು ಶಕ್ತಿ ಕೊಡಬಹುದಂತೆ. ಹೊರಗೆ ಅಂಟಿಸುವ ಸ್ಟಿಕ್ಕರ್ ಮಾತ್ರ ಎರಡಕ್ಕೂ ಒಂದೇ. ಪ್ರೊಸೆಸರಿನ ಹೆಸರಿನ ಕೊನೆಗೆ ‘ಹೆಚ್’ ಇದ್ದರೆ ದುಡಿಯುವಂಥದ್ದು, ‘ಯು’ ಇದ್ದರೆ ಕರೆಂಟ್ ಉಳಿಸುವಂಥದ್ದು. ರ‍್ಯಾಮ್ 8 ಸಾಲದು, 16 ಬೇಕು. ಅದೂ ಒಂದೇ ಕಡ್ಡಿಯಲ್ಲಿ 16 ಇರುವುದಕ್ಕಿಂತ ಎರಡು ಕಡ್ಡಿಯಲ್ಲಿ ಎಂಟೆಂಟು ಇದ್ದರೆ ಒಳ್ಳೆಯದು. ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ ಎಂದು ಬರೆದಿರುತ್ತಾರೆ, ಆದರೆ ಕಾರ್ಡು ಅಷ್ಟು ಚಿತ್ರ ಬಿಡಿಸಿಕೊಟ್ಟರೆ ತಾನೆ?

ಎಲ್ಲ ತಲೆಯ ಮೇಲೆ ಹೋಯಿತು. ಕೊನೆಗೆ ನನ್ನ ದಾರಿ ನಾನೇ ಹುಡುಕಿದೆ. ಲ್ಯಾಪ್‌ಟಾಪನ್ನು ಲಾರಿ ಎಂದುಕೊಂಡೆ. ಕಾರ್ಡು ಅಂದರೆ ಇಂಜಿನ್. ವಾಟ್ ಅಂದರೆ ಅದಕ್ಕೆ ಬಿಡುವ ಡೀಸೆಲ್. ಜಿಬಿ ಅಂದರೆ ಆರ್‌ಟಿಒ ಪಾಸಿಂಗ್, ಅದನ್ನು ಮೀರಿ ತುಂಬಿದರೆ ಏರಿನಲ್ಲಿ ನಿಲ್ಲುತ್ತದೆ. ಎರಡು ಕಡ್ಡಿ ರ‍್ಯಾಮ್ ಅಂದರೆ ಲೋಡು ಒಂದೇ ಮಗ್ಗುಲಿಗೆ ಬೀಳದೆ ಸಮ ಕೂತಿರುವುದು. ಕೀಬೋರ್ಡಿನ ಬಣ್ಣದ ದೀಪಗಳು ಅಂದರೆ ಡ್ರೈವರ್ ಮುಂದೆ ಕಟ್ಟುವ ಗೊಂಡೆ, ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗೆ ನೋಡಿದ ಮೇಲೆ ಇಡೀ ವಿದ್ಯೆ ಅರ್ಧ ಗಂಟೆಯಲ್ಲಿ ಕರಗತವಾಯಿತು. ಜಗತ್ತಿನ ಯಾವ ಮಾರಾಟಗಾರನೂ ನನ್ನನ್ನು ಯಾಮಾರಿಸಲಾರ ಎಂಬ ಧೈರ್ಯದಿಂದ ಹೊಸಪೇಟೆಯ ಒಂದು ಅಂಗಡಿಗೆ ಹೋದೆ. ದುಡ್ಡು ನಮ್ಮಾಕೆಯ ಪರ್ಸಿನಲ್ಲಿತ್ತು, ಹಾಗಾಗಿ ಅವಳೂ ಬಂದಳು.

ಕೌಂಟರಿನ ಹುಡುಗ ಮೊದಲು ಕೇಳಿದ್ದೇ ಕೇಳಬಾರದ ಪ್ರಶ್ನೆ. “ಯಾವ ಗೇಮ್ ಆಡ್ತೀರಿ ಸಾರ್?”

ಲಾರಿ ಎನ್ನಲು ನಾಲಿಗೆ ಹೊರಳಲಿಲ್ಲ. ಅಳಿಯ ಬಾಯಿಪಾಠ ಮಾಡಿಸಿದ್ದ ಹೆಸರು ನೆನಪಾಯಿತು. “ಸೈಬರ್‌ಪಂಕ್ 2077” ಎಂದೆ, ಗಂಟಲು ಸರಿಮಾಡಿಕೊಂಡು.

ಹುಡುಗ ನನ್ನ ನರೆಗೂದಲನ್ನೂ ಜೇಬಿನ ಎರಡು ಪೆನ್ನುಗಳನ್ನೂ ನೋಡಿ, “ನಿಮಗಾ ಸಾರ್, ಮಗನಿಗಾ?” ಎಂದ.

“ಮಗನಿಗೆ.”

“ಯಾವ ಮಗ?” ಎಂದಳು ನಮ್ಮಾಕೆ. ನಮಗಿರುವುದು ಒಬ್ಬಳೇ ಮಗಳು, ಅವಳೂ ಧಾರವಾಡದ ಹಾಸ್ಟೆಲಿನಲ್ಲಿ. ಅಂಗಡಿಯಲ್ಲಿ ಒಂದು ಗಳಿಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ‘ಅಕ್ಕನ ಮಗ, ಅವನೂ ಮಗನೇ ತಾನೆ’ ಎಂದು ಹೇಗೋ ಸಂಭಾಳಿಸಿದೆ.

ಮಾತು ತಿರುಗಿಸಲು ನನ್ನ ಬ್ರಹ್ಮಾಸ್ತ್ರ ಬಿಟ್ಟೆ. “ಇದರ ಕಾರ್ಡಿಗೆ ವಾಟ್ ಎಷ್ಟಪ್ಪಾ?”

ಹುಡುಗ ಡಬ್ಬವನ್ನು ಆರೂ ಮಗ್ಗುಲಿಗೆ ತಿರುಗಿಸಿ ನೋಡಿದ. ಎಲ್ಲೂ ಬರೆದಿರಲಿಲ್ಲ. “ಸಾರ್, ಲ್ಯಾಪ್‌ಟಾಪ್‌ಗೆ ವಾಟ್ ಕೇಳಿದೋರು ನೀವೇ ಮೊದಲ್ನೇರು. ಬಲ್ಬಿನ ಅಂಗಡಿ ಪಕ್ಕದ್ದು.”

ಆಮೇಲೆ ‘ನೋ ಕಾಸ್ಟ್ ಇಎಂಐ’ ಎಂದ. ಇದು ನನ್ನ ಅಖಾಡ. ಬಡ್ಡಿಯಷ್ಟು ರಿಯಾಯಿತಿಯನ್ನು ಮೊದಲು ತೋರಿಸಿ, ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿಯನ್ನೂ ಮೇಲಿಂದ ಪ್ರೊಸೆಸಿಂಗ್ ಶುಲ್ಕವನ್ನೂ ಹಾಕುವ ಮರ್ಮವನ್ನು ಅಲ್ಲಿದ್ದ ಗಿರಾಕಿಗಳಿಗೆಲ್ಲ ಬಿಡಿಸಿ ಹೇಳಿದೆ. ಇಬ್ಬರು ಖರೀದಿಸದೆ ಎದ್ದು ಹೋದರು. ಅಂಗಡಿಯವರು ನನ್ನನ್ನು ಬೇಗ ಸಾಗಹಾಕುವ ಉತ್ಸಾಹದಲ್ಲಿ ಮೌಸನ್ನು ಪುಕ್ಕಟೆ ಕೊಟ್ಟರು. ಆ ಒಂದು ಮೌಸಿನ ಉಬ್ಬಿನಲ್ಲಿ ನಾನು ವಾಟ್ ಗೊತ್ತಿಲ್ಲದ 4050ಯನ್ನು 16 ಜಿಬಿ ರ‍್ಯಾಮಿನೊಂದಿಗೆ, ಕೂಲಿಂಗ್ ಪ್ಯಾಡ್ ಸೇರಿಸಿ, ಬಜೆಟ್ ದಾಟಿ ಕೊಂಡು ಬಂದೆ.

ಸಂಜೆ ಅಳಿಯ ಬಂದು ಯಾವುದೋ ಸಾಫ್ಟ್‌ವೇರ್ ಹಾಕಿ ತಪಾಸಣೆ ಮಾಡಿದ. “ಮಾಮಾ, 75 ವಾಟ್ ಐತೆ. ಹತ್ತು ಗಾಲಿ ಲಾರಿಗೆ ಆರು ಗಾಲಿದು ಇಂಜಿನ್ ಕೂರಿಸ್ಯಾರೆ.” ನನ್ನ ವಿದ್ಯೆಯನ್ನು ನನಗೇ ತಿರುಗಿಸಿದ. ರ‍್ಯಾಮು ಒಂದೇ ಕಡ್ಡಿಯಲ್ಲಿತ್ತು. ಪರದೆಯ ಬಣ್ಣ ಎಷ್ಟು ಬಡವಾಗಿತ್ತೆಂದರೆ, ಮಳೆಗಾಲದ ಸಂಡೂರು ಗುಡ್ಡದ ಫೋಟೊ ಹಾಕಿದರೆ ಹಸಿರೂ ಮಾಸಲು, ಕೆಂಪು ಮಣ್ಣೂ ಮಾಸಲು. ಕೀಬೋರ್ಡಿನ ದೀಪಗಳನ್ನು ಕಂಡು ನಮ್ಮಾಕೆಗೆ ಮಾತ್ರ ಕೊಂಚ ಸಮಾಧಾನವಾಯಿತು. “ಈ ಸಲ ದೀಪಾವಳಿಗೆ ಸೀರಿಯಲ್ ಸೆಟ್ ತರೋದು ಬ್ಯಾಡ” ಎಂದಳು.

ಕೊಂಡದ್ದು ಏಪ್ರಿಲ್‌ನಲ್ಲಿ. ಹೊಸಪೇಟೆಯ ಏಪ್ರಿಲ್ ಅಂದರೆ 40 ಡಿಗ್ರಿ ಮಾತಿಲ್ಲದೆ ದಾಟುವ ತಿಂಗಳು. ಇಂಥ ಲ್ಯಾಪ್‌ಟಾಪಿನ ಚಿಪ್ಪು ದುಡಿಯುವಾಗ 90 ಡಿಗ್ರಿಯ ಆಚೀಚೆ ಕಾಯುವುದು ಮಾಮೂಲು. ಇನ್ನೂ ಕಾದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅದನ್ನು ತಣಿಸಲು ಫ್ಯಾನು ಒಳಗೆಳೆಯುವುದು ಕೋಣೆಯ ಗಾಳಿಯನ್ನೇ. ಆ ಗಾಳಿಯೇ ಒಲೆಯಿಂದ ಎದ್ದು ಬಂದಿದ್ದರೆ ಅದೇನು ಮಾಡೀತು? ನಾನು ಮೊದಲ ಲೋಡು ಹಿಡಿದು ಜರ್ಮನಿಯ ಹೆದ್ದಾರಿಗೆ ಇಳಿದ ಐದೇ ನಿಮಿಷಕ್ಕೆ ಫ್ಯಾನುಗಳು ಮೊರೆಯತೊಡಗಿದವು. ಕಿಟಕಿಯಲ್ಲಿ ಪಕ್ಕದ ಮನೆಯ ಅಮ್ಮ ಇಣುಕಿದರು.

“ನೀರು ಬಂತೇನ್ರಿ? ಮೋಟ್ರು ಹಾಕೀರಲ್ಲ?”

ನಮ್ಮ ಓಣಿಯಲ್ಲಿ ನಲ್ಲಿ ನೀರು ಯಾವಾಗ ಬರುತ್ತದೆಂದು ದೇವರಿಗೇ ಗೊತ್ತು. ಒಬ್ಬರ ಮನೆಯ ಮೋಟಾರ್ ಸದ್ದೇ ಉಳಿದವರಿಗೆ ಡಂಗುರ. ನಾನು ಹೆಡ್‌ಫೋನ್ ತೆಗೆದು ಉತ್ತರ ಕೊಡುವಷ್ಟರಲ್ಲಿ ಇಡೀ ಓಣಿ ಕೊಡ, ಬಕೆಟ್ಟು, ಡ್ರಮ್ಮುಗಳೊಂದಿಗೆ ನಲ್ಲಿಯ ಮುಂದಿತ್ತು. ಅಂದಿನಿಂದ ನಾನು ಆಟ ಶುರುಮಾಡುವ ಮುನ್ನ ನಮ್ಮಾಕೆ ಹೊರಗೆ ಹೋಗಿ “ನೀರಲ್ರೀ, ನಮ್ಮೋರು” ಎಂದು ಕೂಗಿ ಬರಬೇಕಾಯಿತು. ಜಿಎಸ್‌ಟಿಯ ಗುಟ್ಟು ಅಲ್ಲಿಗೆ ರಟ್ಟಾಯಿತು.

ಕರೆಂಟ್ ಹೋದರೆ ಇನ್ನೊಂದು ಪಾಡು. ಬ್ಯಾಟರಿಯ ಮೇಲೆ ಈ ಯಂತ್ರಗಳು ತಮ್ಮ ಕಾರ್ಡಿನ ಶಕ್ತಿಯನ್ನು ತಾವೇ ಕಡಿತ ಮಾಡಿಕೊಳ್ಳುತ್ತವೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದಾಗ ಮಾತ್ರ ಪೂರ್ತಿ ಬಲ. ಹೆಸರಿಗೆ ತೊಡೆಯ ಮೇಲಿಡುವ ಕಂಪ್ಯೂಟರ್, ತೊಡೆಯ ಮೇಲಿಟ್ಟರೆ ಚರ್ಮ ಸುಡುತ್ತದೆ, ಗೋಡೆ ಬಿಟ್ಟರೆ ಗಾಡಿ ಓಡುವುದಿಲ್ಲ. ಇದನ್ನು ಊರೂರಿಗೆ ಒಯ್ಯಬಹುದು ಎಂದು ಡಬ್ಬದ ಮೇಲೆ ಬರೆದಿತ್ತು. ಒಯ್ದೆ.

ಮೊದಲು ಒಯ್ದದ್ದು ಮಾವನ ಮನೆಗೆ, ಕಂಪ್ಲಿಗೆ. ತುಂಗಭದ್ರೆಯ ದಂಡೆಯ ಊರು ಅದು, ಕಣ್ಣು ಹಾಯುವವರೆಗೂ ಭತ್ತ. ಮಳೆಗಾಲದಲ್ಲಿ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಗಂಗಾವತಿ ಕಡೆಯ ಸೇತುವೆ ಮುಳುಗಿ ದಾರಿ ಬಂದ್. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದ ಮೇಲಂತೂ ಅಲ್ಲಿನವರಿಗೆ ನೀರಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದೆ. ಇಟ್ಟಿಗೆ ಗಾತ್ರದ ಚಾರ್ಜರನ್ನು ಅತ್ತೆ ಎರಡೂ ಕೈಲಿ ಎತ್ತಿ, “ಅಳಿಯಂದಿರು ಸ್ಟೆಬಿಲೈಜರ್ ತಂದಾರೆ” ಎಂದರು. ಮಾವ ಹತ್ತಿರ ಬಂದು ಸ್ಟಿಕ್ಕರ್ ಓದಿದರು.

“ಆರ್‌ಟಿಎಕ್ಸ್. ಅಂದ್ರೆ ಆರ್‌ಟಿಸಿ ತೆಗಿಯೋ ಮಿಷನ್ನಾ?”

ಅಲ್ಲ ಎನ್ನುವಷ್ಟರಲ್ಲಿ ಸುದ್ದಿ ಬೀದಿ ದಾಟಿತ್ತು. ಭೂಮಿಯ ದಾಖಲೆ ಆನ್‌ಲೈನಾಗಿ ಎಷ್ಟೋ ವರ್ಷಗಳಾದರೂ ಸರ್ವೆ ನಂಬರು ಹಿಡಿದು ಸೈಬರ್ ಅಂಗಡಿಯ ಮುಂದೆ ಸಾಲು ನಿಲ್ಲುವುದು ತಪ್ಪಿಲ್ಲ. ಅಳಿಯನೇ ಮಿಷನ್ ತಂದ ಮೇಲೆ ಸಾಲು ನಮ್ಮ ಪಡಸಾಲೆಗೆ ಬಂತು. ಒಬ್ಬರಿಗೆ ಪಹಣಿ, ಇನ್ನೊಬ್ಬರಿಗೆ ಮ್ಯುಟೇಶನ್, ಮತ್ತೊಬ್ಬರಿಗೆ ಬೆಳೆ ವಿಮೆಯ ಸ್ಥಿತಿ. ಕತ್ತಲ ನಗರಗಳಲ್ಲಿ ಬೆಳಕಿನ ಕಿರಣಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಬಿಡಿಸಲೆಂದು ಹುಟ್ಟಿದ ಕಾರ್ಡು ಸಂಜೆಯ ತನಕ ಎರಡೆಕರೆ ಗದ್ದೆಯ ಚಕ್ಕುಬಂದಿ ತೋರಿಸಿತು. ಫ್ಯಾನು ಒಮ್ಮೆಯೂ ಸದ್ದು ಮಾಡಲಿಲ್ಲ. ಅದರ ಪಾಲಿಗೆ ಅದು ರಜೆ.

ಆಮೇಲೆ ಬೆಂಗಳೂರಿನ ನೆಂಟರನ್ನು ಹಂಪಿಗೆ ಕರೆದೊಯ್ಯುವ ಸರದಿ. ಹೊಸಪೇಟೆಯವರ ಹಣೆಬರಹ ಇದು. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಹಂಪಿ, ಬಿಟ್ಟಿ ಗೈಡುಗಳಾದದ್ದು ನಾವು. ಅವರು ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ 50 ರೂಪಾಯಿ ನೋಟು ಹಿಡಿದು ಫೋಟೊ ತೆಗೆಸಿಕೊಂಡು ಬರುವವರೆಗೆ ನಾನೊಂದು ಮಂಟಪದ ನೆರಳಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಹೊರಗಿನ ಬೆಳಕಿನ ಮುಂದೆ ಅದರ ಮಂಕು ಪರದೆಯಲ್ಲಿ ಯೂರೋಪೂ ಇಲ್ಲ, ಲಾರಿಯೂ ಇಲ್ಲ. ಟವೆಲನ್ನು ತಲೆಯ ಮೇಲಿಂದ ಪರದೆಯವರೆಗೆ ಇಳಿಬಿಟ್ಟು, ಒಳಗೆ ಕೂತು ಓಡಿಸತೊಡಗಿದೆ. ಅಷ್ಟರಲ್ಲಿ ಗೈಡೊಬ್ಬರು ಪ್ರವಾಸಿಗಳ ತಂಡ ತಂದರು. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ, ಬಂಡೆಗಳ ಮೇಲೆ ಅಲ್ಲಲ್ಲಿ ಹಳೆಯ ಆಟದ ಮನೆಗಳನ್ನು ಕೊರೆದಿದ್ದಾರೆ. ಚೌಕಾಬಾರ, ಹುಲಿ-ಕುರಿ ಅಂಥವು. ಕಾವಲುಗಾರರೂ ಕುರಿ ಕಾಯುವವರೂ ಹುಣಸೆ ಬೀಜ, ಕಲ್ಲು ಹರಳು ಇಟ್ಟು ಆಡಿರಬೇಕು. ನಾನು ಕೂತದ್ದು ಅಂಥದ್ದೇ ಒಂದರ ಮೇಲೆ.

“ಸಾರ್, ಸ್ವಲ್ಪ ಏಳ್ರಿ. ಗೇಮ್ ತೋರಿಸ್ಬೇಕು” ಎಂದರು ಗೈಡು.

ನಾನು ಸಂಕೋಚದಿಂದ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. “ಅದಲ್ರಿ, ನೀವು ಕುಂತಿರೋದು.”

ಎದ್ದು ನಿಂತೆ. ಪ್ರವಾಸಿಗಳು ಮೊದಲು ನೆಲದ ಫೋಟೊ ತೆಗೆದರು, ಆಮೇಲೆ ಟವೆಲಿನೊಂದಿಗೆ ನನ್ನದು. ಗೈಡು ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಎಲ್ಲರೂ ನಕ್ಕರು. ಬ್ಯಾಟರಿ ಶೇ. 9ಕ್ಕೆ ಇಳಿದಿತ್ತಾದ್ದರಿಂದ ಅದನ್ನು ವಿಚಾರಿಸುವ ವ್ಯವಧಾನ ನನಗಿರಲಿಲ್ಲ.

ಮನೆಯಲ್ಲಿ ನೀರಿನ ಗಲಾಟೆ, ಮಾವನ ಮನೆಯಲ್ಲಿ ಪಹಣಿ, ಹಂಪಿಯಲ್ಲಿ ಬಿಸಿಲು. ಉಳಿದದ್ದು ಆಫೀಸು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಟ್ರಿಪ್ ಹೊಡೆಯೋಣವೆಂದು ಸಂಡೂರಿಗೆ ಒಯ್ಯತೊಡಗಿದೆ. ಅಲ್ಲಿ ಅದಿರಿನ ಧೂಳು ಕಾದಿತ್ತು. ನಮ್ಮಲ್ಲಿ ಬಿಳಿ ಅಂಗಿ ಹಾಕಿಕೊಂಡವನು ಹೊಸಬ ಎಂದು ಲೆಕ್ಕ. ಕೆಲವೇ ವಾರಗಳಲ್ಲಿ ಲ್ಯಾಪ್‌ಟಾಪಿನ ಜಾಲರಿ ಕೆಂಪಾಯಿತು, ಒಳಗೆ ಗಾಳಿ ಆಡದೆ ಜರ್ಮನಿಯಲ್ಲಿ ನನ್ನ ಲಾರಿ ಎತ್ತಿನಗಾಡಿಯ ವೇಗಕ್ಕೆ ಬಂತು. ಊದಿ ಸ್ವಚ್ಛ ಮಾಡಬೇಕು ಎಂದಷ್ಟೇ ನನಗೆ ಗೊತ್ತಿತ್ತು. ಊದುವುದಕ್ಕೆ ಎದುರಿನ ಪಂಕ್ಚರ್ ಅಂಗಡಿಗಿಂತ ಬೇರೆ ಜಾಗ ಯಾವುದು?

ಪಂಕ್ಚರ್ ಅಂಗಡಿಯವನು ಲ್ಯಾಪ್‌ಟಾಪನ್ನು ತಿರುಗಿಸಿ, ಎರಡು ಫ್ಯಾನುಗಳನ್ನು ಕಂಡು ಗಂಭೀರವಾಗಿ ಕೇಳಿದ. “ಎಷ್ಟು ಪಾಯಿಂಟ್ ಬಿಡ್ಲಿ ಸಾರ್? ಎರಡಕ್ಕೂ ಒಂದೇನಾ, ಬ್ಯಾರೆ ಬ್ಯಾರೆನಾ?”

“ಎರಡಕ್ಕೂ ಒಂದೇ ಬಿಡಪ್ಪಾ” ಎಂದೆ, ಗೊತ್ತಿದ್ದವನ ಹಾಗೆ.

ಕಂಪ್ರೆಸರ್ ಬಾಯಿ ಬಿಟ್ಟದ್ದೇ ಕೆಂಪು ಮೋಡವೊಂದು ಎದ್ದು ನಮ್ಮಿಬ್ಬರನ್ನೂ ಮುಚ್ಚಿತು. ಒಳಗಿನ ಫ್ಯಾನುಗಳು ತಮ್ಮ ಜನ್ಮದಲ್ಲೇ ಕಾಣದ ವೇಗಕ್ಕೆ ಏರಿ ಕಿರ್ರೆಂದವು. ಒಂದು ಸುಮ್ಮನಾಯಿತು. ಹೀಗೆ ಊದುವಾಗ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಕಡ್ಡಿ ಕೊಟ್ಟು ಹಿಡಿಯಬೇಕು, ಇಲ್ಲವಾದರೆ ಬೇರಿಂಗ್ ಹಾಳಾಗುತ್ತದೆ ಎಂದು ರಿಪೇರಿಯವನು ಆಮೇಲೆ ಹೇಳಿದ. ಹೊಸ ಫ್ಯಾನಿನ ಬಿಲ್ಲನ್ನು ಕೊಟ್ಟ ಮೇಲೆ ಹೇಳಿದ. ಪಂಕ್ಚರ್ ಅಂಗಡಿಯವನು ಮಾತ್ರ ದುಡ್ಡು ಮುಟ್ಟಲಿಲ್ಲ. “ಟ್ಯೂಬ್‌ಲೆಸ್ಸಿಗೆ ಹವಾ ಫ್ರೀ ಸಾರ್” ಎಂದ.

ರಿಪೇರಿಯಾಗಿ ಬಂದ ದಿನ ಊಟದ ಹೊತ್ತಿಗೆ ಆಫೀಸಿನಲ್ಲಿ ಓಡಿಸುತ್ತಿದ್ದೆ. ನಮ್ಮ ಹಳೆಯ ಡ್ರೈವರೊಬ್ಬರು ಟ್ರಿಪ್ ಶೀಟ್ ಕೊಡಲು ಬಂದವರು ಹಿಂದೆ ನಿಂತು ಬಹಳ ಹೊತ್ತು ನೋಡಿದರು. ಯಲ್ಲಾಪುರದ ಅರಬೈಲು ಘಟ್ಟವನ್ನು ಅದಿರು ತುಂಬಿಕೊಂಡು ರಾತ್ರಿ ಮಳೆಯಲ್ಲಿ ಇಳಿದ ಕೈ ಅವರದು. ‘ನೀವೊಮ್ಮೆ ನೋಡ್ರಿ’ ಎಂದು ಕುರ್ಚಿ ಬಿಟ್ಟುಕೊಟ್ಟೆ.

“ಸ್ಟೇರಿಂಗ್ ಎಲ್ಲೈತ್ರಿ?”

“ಈ ಎರಡು ಗುಂಡಿ.”

ಅವರು ಗುಂಡಿಗಳನ್ನು ಕನಿಕರದಿಂದ ನೋಡಿ ಶುರುಮಾಡಿದರು. ರಸ್ತೆಯಲ್ಲಿ ಗುಂಡಿಯಿಲ್ಲ, ಎಮ್ಮೆಯಿಲ್ಲ, ಎದುರಿನಿಂದ ತಪ್ಪು ದಿಕ್ಕಿಗೆ ಬರುವ ಬೈಕಿಲ್ಲ. ಸ್ವಲ್ಪ ದೂರ ಹೋಗಿ, “ಸಾರ್, ಇಂಥ ರೋಡಿಗೆ ಡ್ರೈವರ್ ಯಾಕ್ರೀ ಬೇಕು? ಕಲ್ಲು ಇಟ್ರೆ ಹೋಗ್ತೈತೆ ಗಾಡಿ” ಎಂದರು. ನಡುರಾತ್ರಿಯ ಖಾಲಿ ಚೌಕದಲ್ಲಿ ಕೆಂಪು ದೀಪ ದಾಟಿದರು. ದಂಡ. “ಯಾರೂ ಇಲ್ವಲ್ರಿ!” ಎಂದು ರೇಗಿದರು. ಆಮೇಲೆ ಪರದೆಯ ಡ್ರೈವರು ಆಕಳಿಸಿದ, ಕಣ್ಣು ಕತ್ತಲಿಟ್ಟಿತು, ಮಲಗಲೇಬೇಕೆಂದು ಸೂಚನೆ ಬಂತು. ಲಾರಿ ಕೆಲಸಗಾರರಿಗೆ ದಿನಕ್ಕೆ ಎಂಟು ತಾಸು ಮಾತ್ರ ದುಡಿಮೆ ಎಂದು ನಮ್ಮಲ್ಲಿ 1961ರಲ್ಲೇ ಕಾಯ್ದೆ ಮಾಡಿದ್ದರು. ಡ್ರೈವರನ್ನು ಒತ್ತಾಯದಿಂದ ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡದ್ದು ಈ ಆಟದಲ್ಲೇ. ಅವರೂ ಅದನ್ನೇ ಕಂಡರೇನೋ. “ಇದನ್ನ ಸಾವ್ಕಾರ್ರಿಗೆ ತೋರಸ್ರಿ ಸಾರ್” ಎಂದು ಎದ್ದು ಹೋದರು.

ತೋರಿಸುವುದೇನು, ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು. ನಾನು ಮುಚ್ಚಲು ಹೋದೆ, ತಡೆದರು.

“ಲೋಡು ಎಲ್ಲಿಗೆ?”

“ಪ್ರಾಗ್‌ಗೆ, ಸಾವ್ಕಾರ್ರೆ.”

“ವಾಪಸ್ ಲೋಡ್ ಐತಾ, ಖಾಲಿ ಬರ್ತೈತಾ?”

“ಅಲ್ಲಿಂದ ಬೇರೆ ಊರಿಗೆ ಲೋಡ್ ಸಿಗ್ತೈತೆ. ಖಾಲಿ ಬರೋ ಮಾತೇ ಇಲ್ಲ.”

ಸಾಹುಕಾರರ ಮುಖದ ಮೇಲೆ 2011ರ ನಂತರ ನಾನು ನೋಡಿರದ ಕಳೆ ಬಂತು. ಕುರ್ಚಿ ಎಳೆದುಕೊಂಡು ಕೂತರು. ಈಗ ದಿನಾ ಮಧ್ಯಾಹ್ನ ಅವರೇ ಓಡಿಸುತ್ತಾರೆ. ಆಟದ ಬ್ಯಾಂಕಿನಲ್ಲಿ ಸಾಲ ತೆಗೆದು ಎರಡು ಗಾಡಿ ಹಾಕಿದ್ದಾರೆ. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬೇರೊಂದು ಪುಸ್ತಕದಲ್ಲಿ ಯೂರೋಪಿನ ಟ್ರಿಪ್ ಶೀಟ್ ಬರೆಯುತ್ತೇನೆ. ಡೀಸೆಲ್, ಟೋಲು, ಬಾಡಿಗೆ, ಜಖಂ.

ಮೊನ್ನೆ ವಿಯೆನ್ನಾದ ಹತ್ತಿರ ಕೆಂಪು ದೀಪ ಹಾರಿಸಿದರು. ದಂಡ ಬಿತ್ತು.

“ಇದನ್ನ ಡ್ರೈವರ್ ಖಾತೆಗೆ ಹಾಕ್ರಿ” ಎಂದರು, ಕಣ್ಣು ರಸ್ತೆಯಿಂದ ತೆಗೆಯದೆ.

“ಓಡಿಸಿದ್ದು ತಾವೇ ಅಲ್ರಾ ಸಾವ್ಕಾರ್ರೆ?”

“ನಾನು ಮಾಲಕ. ಲ್ಯಾಪ್‌ಟಾಪ್ ಯಾರ್ದು?”

“ನಂದೇ.”

“ಹಂಗಾದ್ರೆ ಬರ್ಕೊಳ್ರಿ.”